ಸಂಜೆಯ ಸಹಿ

ನಗರಸಭೆಗೆ ಆರಿಸಿ ಬಂದವರಿಗೆ ಯಾವಾಗ ಕೈ ಎತ್ತಬೇಕು, ಯಾವಾಗ ಎತ್ತದೆ ಎದ್ದು ಹೊರಗೆ ಹೋಗಬೇಕು ಎಂದು ಕಲಿಸುವುದಕ್ಕೂ ಒಬ್ಬರನ್ನು ಸಂಬಳ ಕೊಟ್ಟು ಇಟ್ಟಿರುತ್ತಾರೆ. ಈ ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗೊತ್ತಾದವರು ಮೊದಲು ನಗುತ್ತಾರೆ, ಆಮೇಲೆ, ಕಲಿಸಿದ ಮೇಲೂ ಇವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಆ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಪ್ರಶ್ನೆಗೆ ತಲೆ ಕೊಟ್ಟು ಕೂತವಳು ನಗರಸಭೆಯ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿದ್ದಳು. ಬಾಗಿಲ ಮೇಲೆ ‘ಸದಸ್ಯರ ತರಬೇತಿ ಮತ್ತು ನಡತೆ ವಿಭಾಗ’ ಎಂಬ ಬೋರ್ಡಿತ್ತು. ಅಷ್ಟುದ್ದ ಓದುವ ತಾಳ್ಮೆ ಯಾರಿಗಿದೆ? ಮೂವತ್ತೊಂದು ಜನ ಸದಸ್ಯರೂ ಆಕೆಯನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಹೆಡ್‌ಮಿಸ್ ಎನ್ನುತ್ತಿದ್ದರು. ಆಕೆಗೆ ಎರಡೂ ಗೊತ್ತಿತ್ತು. ಒಳಗೊಳಗೇ ಎರಡನೆಯದೇ ಹೆಚ್ಚು ಇಷ್ಟವಾಗಿತ್ತು.

ಆಕೆಯ ಕೆಲಸಕ್ಕೆ ಎರಡು ಮುಖ. ಪ್ರತಿ ಚುನಾವಣೆಯಲ್ಲಿ ಗೆದ್ದು ಬಂದವರಿಗೆಲ್ಲ, ಅವರು ಹಳಬರಾದರೂ, ಒಂದು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ಬರೆದುಕೊಡುವುದು ಒಂದು. ಆ ಪತ್ರವಿಲ್ಲದೆ ಯಾರೂ ಸಭೆಯಲ್ಲಿ ಕೂರುವಂತಿಲ್ಲ. ಇನ್ನೊಂದು, ಸದಸ್ಯರ ನಡತೆಯ ಮೇಲೆ ದೂರು ಬಂದರೆ ಕಡತ ಮಾಡಿ ವಿಚಾರಣಾ ಸಮಿತಿಯ ಮುಂದಿಡುವುದು. ತಾನೇ ಪಾಠ ಹೇಳಿದವರನ್ನು ಆರು ತಿಂಗಳ ಮೇಲೆ ತಾನೇ ಕರೆತಂದು ನಿಲ್ಲಿಸಬೇಕಾಗುತ್ತಿತ್ತು. ಆದರೂ ಇಷ್ಟು ವರ್ಷದಲ್ಲಿ ಆಕೆಯ ಕಡತದಲ್ಲಿ ಒಂದು ಹಾಳೆ ಹಿಂದುಮುಂದಾದದ್ದಿಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಗೆರೆಯೂ ಬೀಳದೆ ಮನೆಗೆ ಹೋಗಬೇಕು ಎಂಬುದೊಂದೇ ಆಸೆ. ಬೇರೆ ಆಸೆಗಳನ್ನೆಲ್ಲ ಆಕೆ ಕಾಲಕಾಲಕ್ಕೆ ಕೈಬಿಡುತ್ತ ಬಂದಿದ್ದಳು.

ತರಬೇತಿಯ ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಕಾಲಂ. ಒಂದು ಬೆಳಗಿನ ಸಹಿಗೆ, ಒಂದು ಸಂಜೆಯ ಸಹಿಗೆ. ಬೆಳಿಗ್ಗೆ ಸಭೆಯ ರೀತಿನೀತಿ, ಕಾರ್ಯಸೂಚಿ ಓದುವುದು, ಮಾತಾಡಲು ಅವಕಾಶ ಕೇಳುವುದು. ಊಟದ ನಂತರ ನಡತೆಯ ಪಾಠ. ತನ್ನ ಮನೆಯವರಿಗೆ ಲಾಭವಾಗುವ ವಿಷಯ ಚರ್ಚೆಗೆ ಬಂದರೆ ಎದ್ದು ನಿಂತು ಹೇಳಬೇಕು, ಹೇಳಿ ಹೊರಗೆ ಹೋಗಬೇಕು, ಕೈ ಎತ್ತಬಾರದು ಎಂಬುದೆಲ್ಲ ಬರುವುದು ಮಧ್ಯಾಹ್ನವೇ. ಆದರೆ ಮಧ್ಯಾಹ್ನದ ಪಾಠ ಮುಗಿಯುವುದೇ ತಡ, ಸದಸ್ಯರು ಗಂಟೆ ಹೊಡೆದ ಶಾಲೆಯ ಮಕ್ಕಳಂತೆ ಮೆಟ್ಟಿಲಿಳಿದು ಓಡುತ್ತಿದ್ದರು. ಜವಾನ ದೊಡ್ಡಯ್ಯ ಅಷ್ಟು ದಪ್ಪ ಪುಸ್ತಕ ಎತ್ತಿಕೊಂಡು ಕಾರು ನಿಲ್ಲಿಸುವ ಜಾಗದ ತನಕ ಅವರ ಹಿಂದೆ ಹೋಗಬೇಕಾಗುತ್ತಿತ್ತು. ಎಂಟು ವರ್ಷದ ಹಿಂದೆ ಆತನ ಮಂಡಿ ಕೈಕೊಟ್ಟಿತು. ಆತ ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುವುದನ್ನು ನೋಡಲಾರದೆ ಹೆಡ್‌ಮಿಸ್ ಒಂದು ಉಪಾಯ ಮಾಡಿದಳು. ಹನ್ನೊಂದು ಗಂಟೆಯ ಟೀ ವೇಳೆಯಲ್ಲಿ, ಎಲ್ಲರೂ ಕಪ್ಪು ಹಿಡಿದು ಸಾಲಾಗಿ ನಿಂತಾಗ, ಎರಡೂ ಕಾಲಂಗೆ ಒಟ್ಟಿಗೇ ಸಹಿ ಹಾಕಿಸಿಬಿಡುವುದು. ಅಲ್ಲಿಗೆ ಮಂಡಿಯೂ ಉಳಿಯಿತು, ಪುಸ್ತಕವೂ ಭರ್ತಿಯಾಯಿತು. ಆಮೇಲೆ ಅದೇ ರೂಢಿಯಾಗಿ, ಇದು ತಪ್ಪು ಎಂಬುದೇ ಎಲ್ಲರಿಗೂ ಮರೆತುಹೋಯಿತು.

ಈ ಸಲದ ಚುನಾವಣೆಯಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದವಳೆಂದರೆ ಟೈಲರಮ್ಮ ಒಬ್ಬಳೇ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎರಡು ಹೊಲಿಗೆ ಯಂತ್ರದ ಅಂಗಡಿ, ಮೂರನೇ ತರಗತಿಯ ಮಗಳು, ದೂರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಗಂಡ. ಜನ ಅವಳಿಗೆ ಮತ ಹಾಕಿದ್ದು ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಾಳೆ ಎಂಬ ಒಂದೇ ಕಾರಣಕ್ಕೆ. ಯೋಚಿಸಿ ನೋಡಿದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಯಾವುದಿದೆ?

ತರಬೇತಿಯ ದಿನ ಅವಳು ಮುಂದಿನ ಸಾಲಿನಲ್ಲೇ ಕೂತಳು. ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣ ಬೆರಳಿಗೆ ಅಂಟಿಕೊಂಡಂತೆಯೇ ಬಂದು, ಹೇಳಿದ್ದನ್ನೆಲ್ಲ ಅಳತೆಯ ಪುಸ್ತಕದಲ್ಲಿ ಬರೆದುಕೊಂಡಳು. ಊಟದ ಹೊತ್ತಿಗೆ ಶಾಲೆಯಿಂದ ಫೋನು ಬಂತು. ಮಗಳಿಗೆ ಮೈ ಕೆಂಡವಾಗಿದೆ, ವಾಂತಿ ಮಾಡಿಕೊಂಡಿದ್ದಾಳೆ, ಕರೆದುಕೊಂಡು ಹೋಗಿ ಎಂದರು. ಅವಳು ಹೆಡ್‌ಮಿಸ್ಸಿನ ಮುಂದೆ ಬಂದು ನಿಂತಳು.

“ಮೇಡಂ, ಉಳಿದರ್ಧ ಇನ್ನೊಂದು ದಿನ ಬಂದು ಕೇಳ್ಲಾ?”

ಮುಂದಿನ ತರಬೇತಿ ಆರು ತಿಂಗಳ ಮೇಲೆ. ಮೊದಲ ಸಭೆ ಬರುವ ವಾರ. ಪತ್ರವಿಲ್ಲದಿದ್ದರೆ ಅಲ್ಲಿಯ ತನಕ ಟೈಲರಮ್ಮನ ಕುರ್ಚಿ ಖಾಲಿ.

“ಸಹಿ ಆಗಿದೆಯಲ್ಲ, ಹೋಗಿ ಬನ್ನಿ,” ಎಂದಳು ಹೆಡ್‌ಮಿಸ್. “ಮಗು ಮುಖ್ಯ. ಈ ನಿಯಮಾವಳಿ ಪುಸ್ತಕ ತಗೊಳಿ, ಬಿಡುವಾದಾಗ ಓದ್ಕೊಳಿ. ಏನಾದ್ರೂ ತಿಳೀದೇ ಇದ್ರೆ ಬಂದು ಕೇಳಿ.”

ಟೈಲರಮ್ಮ ಬಂದು ಕೇಳಿದಳು ಕೂಡ. ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯ ಸಲ ಬಂದಾಗ ಹೆಡ್‌ಮಿಸ್ ವಾರ್ಷಿಕ ವರದಿಯಲ್ಲಿ ಮುಳುಗಿದ್ದಳು, ಮುಂದಿನ ವಾರ ಬನ್ನಿ ಎಂದಳು. ಎರಡನೆಯ ಸಲ ಮೀಟಿಂಗಿಗೆ ಹೊರಟಿದ್ದಳು. “ಅದೇನು ಮಹಾ ಇಲ್ಲಮ್ಮ, ನಿಮ್ಮಂಥ ಪ್ರಾಮಾಣಿಕರಿಗೆ ಅದೆಲ್ಲ ತಾನಾಗೇ ಬರುತ್ತೆ,” ಎಂದು ಬೆನ್ನು ತಟ್ಟಿ ಕಳಿಸಿದಳು.

ನಾಲ್ಕನೇ ತಿಂಗಳ ಸಭೆಯಲ್ಲಿ ಮಾರುಕಟ್ಟೆ ಬೀದಿಯ ಚರಂಡಿಯ ವಿಷಯ ಬಂತು. ಚಪ್ಪಡಿ ಮುಚ್ಚುವ ಕೆಲಸವನ್ನು ಪೂರ್ವದ ಸಾಲಿನಿಂದ ಶುರು ಮಾಡುವುದೋ ಪಶ್ಚಿಮದ ಸಾಲಿನಿಂದಲೋ ಎಂದು ಎರಡು ಗಂಟೆ ಜಗ್ಗಾಡಿದರು. ಕೊನೆಗೆ ಟೈಲರಮ್ಮ ಅವಕಾಶ ಕೇಳಿ ಎದ್ದು ನಿಂತಳು. ಅವಕಾಶ ಕೇಳುವುದನ್ನು ಬೆಳಗಿನ ಪಾಠದಲ್ಲಿ ಚೆನ್ನಾಗಿ ಕಲಿತಿದ್ದಳಲ್ಲ.

“ಪೂರ್ವದ ಸಾಲಿಂದ್ಲೇ ಮಾಡಿ. ನನ್ನ ತಮ್ಮಂದು ಗಡಿಯಾರ ರಿಪೇರಿ ಅಂಗಡಿ ಅಲ್ಲೇ ಇರೋದು. ಜೋರು ಮಳೆ ಬಂದ್ರೆ ನೀರು ಮೆಟ್ಲು ಹತ್ತಿ ಒಳಗೆ ಬರುತ್ತೆ. ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಹೇಳ್ತಿದೀನಿ.”

ತಮ್ಮನ ಅಂಗಡಿ ಇದೆ ಎಂದು ಮುಚ್ಚಿಡದೆ ಹೇಳಿದ್ದು ತನ್ನ ಮಾತಿಗೆ ತೂಕ ತರುತ್ತದೆ ಎಂದೇ ಅವಳು ತಿಳಿದಿದ್ದಳು. ಹೇಳಿ ಕೂತು, ಕೈಯನ್ನೂ ಎತ್ತಿದಳು. ಪೂರ್ವದ ಸಾಲು ಒಂದೇ ಕೈಯಿಂದ ಗೆದ್ದಿತು.

ಮರುದಿನವೇ ದೂರು ಬಂತು. ಕೊಟ್ಟವರು ನಿಯಮಣ್ಣ. ಮೂರನೇ ಸಲ ಗೆದ್ದು ಬಂದ ಈ ಸದಸ್ಯರಿಗೆ ನಿಯಮಾವಳಿಯ ಪುಟದ ಸಂಖ್ಯೆಗಳೆಲ್ಲ ಬಾಯಿಪಾಠ. ಪುಟದಲ್ಲಿ ಏನಿದೆ ಎಂಬುದು ಮಾತ್ರ ಅವರಿಗೆ ಬೇಕಾದಾಗ ನೆನಪಾಗುತ್ತಿತ್ತು. ಅವರ ಬೆಂಬಲಿಗರ ಅಂಗಡಿಗಳಿದ್ದದ್ದು ಪಶ್ಚಿಮದ ಸಾಲಿನಲ್ಲಿ.

ದೂರಿನ ಜೊತೆ ಹೆಡ್‌ಮಿಸ್ ಒಂದು ನಮೂನೆ ಭರ್ತಿ ಮಾಡಬೇಕಿತ್ತು. ಅದರ ಆರನೇ ಪ್ರಶ್ನೆ, ಸದಸ್ಯರು ಪೂರ್ಣ ತರಬೇತಿ ಪಡೆದಿದ್ದಾರೆಯೇ? ಇಲ್ಲ ಎಂದಾದರೆ ಎಚ್ಚರಿಕೆ ಕೊಟ್ಟು ಮತ್ತೆ ತರಬೇತಿಗೆ ಕಳಿಸುತ್ತಾರೆ. ಹೌದು ಎಂದಾದರೆ ಗೊತ್ತಿದ್ದೂ ಮಾಡಿದ ತಪ್ಪು. ಆರು ತಿಂಗಳು ಸಭೆಯಿಂದ ಹೊರಗೆ, ಮೇಲೆ ವಾರ್ಡ್ ಕಚೇರಿಯ ಬಾಗಿಲಿಗೆ ಹೆಸರು ಸಹಿತ ನೋಟಿಸು. ಆ ಬಾಗಿಲಿನ ಎದುರಿಗೇ ಟೈಲರಮ್ಮನ ಅಂಗಡಿ.

ಹೆಡ್‌ಮಿಸ್ ಹಾಜರಿ ಪುಸ್ತಕ ತೆರೆದಳು. ಎರಡು ಕಾಲಂ, ಎರಡು ಸಹಿ, ಒಂದೇ ಪೆನ್ನು, ಒಂದೇ ಶಾಯಿ. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿ ಕಡತ ಕಟ್ಟಿದಳು. ದಾಖಲೆ ಹೇಳುವುದನ್ನು ತಾನು ಬರೆದಿದ್ದೇನೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ವಿಚಾರಣೆಯ ಹಿಂದಿನ ದಿನ ಟೈಲರಮ್ಮ ಮೂಲೆ ಕೋಣೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿದಳು, ಮತ್ತೆ ಮಡಿಸಿದಳು.

“ನಾಳೆ ಏನು ಹೇಳ್ತೀರಿ?” ಎಂದು ಹೆಡ್‌ಮಿಸ್ ಕೇಳಿದಳು.

“ಏನು ಹೇಳ್ಲಿ ಮೇಡಂ? ಪುಸ್ತಕ ಓದೋಕೆ ಕೂತೆ, ಹದಿನೆಂಟನೇ ಪುಟಕ್ಕೆ ಶಾಲೆ ಯೂನಿಫಾರಂ ಹೊಲಿಯೋ ಕಾಲ ಬಂತು. ಈ ವಿಷಯ ಇರೋದು ನಲವತ್ತನೇ ಪುಟದಲ್ಲಂತೆ.” ಅವಳು ಸಣ್ಣಗೆ ನಕ್ಕಳು. “ನೀವೇನೂ ಯೋಚ್ನೆ ಮಾಡ್ಬೇಡಿ. ಆವತ್ತು ನೀವು ಕಳಿಸದೇ ಇದ್ದಿದ್ರೆ ನನ್ನ ಮಗೂನ ನೋಡೋರು ಯಾರಿದ್ರು? ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ.”

ಹೆಡ್‌ಮಿಸ್ಸಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹಾಗೆ ಇಳಿಯಿತಲ್ಲ ಎಂದು ಅವಳು ಹೋದ ಮೇಲೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಪರರಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ನಾನು ಬಟ್ಟೆ ಹೊಲಿಯುವವಳೊಬ್ಬಳ ದಾಕ್ಷಿಣ್ಯದಲ್ಲಿ ಉಸಿರಾಡುತ್ತಿದ್ದೇನೆ ಎನ್ನಿಸಿ, ಎದ್ದು ಕಿಟಕಿ ತೆರೆದಳು, ಕಾರಣವಿಲ್ಲದೆ ಮತ್ತೆ ಮುಚ್ಚಿದಳು.

ಮನೆಯಲ್ಲಿ ಇದ್ದದ್ದು ಅಕ್ಕ, ತಂಗಿ ಇಬ್ಬರೇ. ಅಕ್ಕ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿ ಮೂವತ್ತು ವರ್ಷ ನಿಂತು ಕಾಲು ಸವೆಸಿದವಳು. ಊರಿಗೆಲ್ಲ ಹೆಡ್‌ಮಿಸ್ ಆದರೂ ಅಕ್ಕನ ಬಾಯಲ್ಲಿ ಐವತ್ತೆಂಟು ವರ್ಷದ ತಂಗಿ ಇನ್ನೂ ಪುಟ್ಟಿ. ಸಂಜೆ ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತು ಬೀನ್ಸ್ ಹೆಚ್ಚುತ್ತಿದ್ದಾಗ ಪುಟ್ಟಿ ಎಲ್ಲವನ್ನೂ ಹೇಳಿದಳು. ದೊಡ್ಡಯ್ಯನ ಮಂಡಿಯಿಂದ ಹಿಡಿದು ಆರನೇ ಪ್ರಶ್ನೆಯ ತನಕ ಏನನ್ನೂ ಬಿಡಲಿಲ್ಲ.

ಅಕ್ಕ ಚಾಕು ಕೆಳಗಿಟ್ಟಳು.

“ನಮ್ಮಲ್ಲಿ ಹೊಟ್ಟೆ ಕೊಯ್ಯೋಕೆ ಮುಂಚೆ ರಕ್ತ ಒರೆಸೋ ಬಟ್ಟೆ ಉಂಡೆ ಎಣಿಸಿ ಬರೀತಿದ್ವಿ. ಹೊಲಿಗೆ ಹಾಕೋಕೆ ಮುಂಚೆ ಮತ್ತೆ ಎಣಿಸಿ ಬರೀತಿದ್ವಿ. ಕಾಲು ನೋಯುತ್ತೆ ಅಂತ ಎರಡನ್ನೂ ಮೊದ್ಲೇ ಬರೆದಿಟ್ಟಿದ್ರೆ ಏನಾಗ್ತಿತ್ತು?”

“ಒಳಗೇ ಉಳೀತಿತ್ತು.”

“ಈಗ ಉಳಿದಿದೆ. ಅವಳ ಹೊಟ್ಟೇಲಿ.”

“ಅಕ್ಕ, ಇದು ಅವಳೊಬ್ಬಳದ್ದಲ್ಲ. ಎಂಟು ವರ್ಷದ ಪುಸ್ತಕಕ್ಕೆ ಬರುತ್ತೆ. ಮೂವತ್ತೊಂದು ಜನರ ಪತ್ರ ರದ್ದಾಗುತ್ತೆ. ನನ್ನ ಹೆಸರು...”

“ನಿನ್ನ ಹೆಸರು ಚೆನ್ನಾಗಿರ್ಲಿ ಅಂತ ಅವಳ ಹೆಸರನ್ನ ಬಾಗಿಲಿಗೆ ಅಂಟಿಸ್ತೀಯಾ?”

ಅಕ್ಕನ ಮಾತೇ ಹಾಗೆ, ಮರಗಟ್ಟಿಸುವ ಮದ್ದು ಕೊಡದೆ ಕತ್ತರಿ ಹಾಕುವುದು. ಹೆಡ್‌ಮಿಸ್ ಮುನಿಸಿಕೊಂಡು ಎದ್ದು ಹೋದಳು. ನಿನಗೇನು, ನೀನು ನಿವೃತ್ತಿಯಾಗಿ ಆರಾಮಾಗಿದ್ದೀಯ ಎಂದು ಕೋಣೆಯಿಂದಲೇ ಕೂಗಿದಳು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳದೆ ತಂಗಿಯ ಪಾಲಿನ ಬೀನ್ಸನ್ನೂ ತಾನೇ ಹೆಚ್ಚಿದಳು.

ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಕೋಣೆ ತುಂಬಿತ್ತು. ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಕಿರುಗುಟ್ಟುವ ಫ್ಯಾನು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಮೆಲುದನಿಯವರು. ಅವರ ಎಡಬಲದಲ್ಲಿ ಸಮಿತಿಯ ಇಬ್ಬರು ಸದಸ್ಯರು ಕಡತ ತಿರುವುತ್ತಿದ್ದರು. ಒಂದು ಕಡೆ ನಿಯಮಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕಂಕುಳಲ್ಲಿ ನಿಯಮಾವಳಿಯೊಂದಿಗೆ. ಇನ್ನೊಂದು ಕಡೆ ಟೈಲರಮ್ಮ. ಕಡತದೊಂದಿಗೆ ಹೆಡ್‌ಮಿಸ್ ಮೇಜಿನ ಕೊನೆಯಲ್ಲಿ ಕೂತಿದ್ದಳು. ಏನು ಮಾಡಬೇಕೆಂದು ಆಕೆ ಆ ಗಳಿಗೆಯಲ್ಲೂ ತೀರ್ಮಾನಿಸಿರಲಿಲ್ಲ.

ಅಧ್ಯಕ್ಷರು ದೂರು ಓದಿಸಿದರು. ಹಾಜರಿ ಪುಸ್ತಕವನ್ನು ಟೈಲರಮ್ಮನ ಮುಂದೆ ಸರಿಸಿದರು.

“ತರಬೇತಿಗೆ ಪೂರ್ತಿ ದಿನ ಕೂತಿದ್ರಾ?”

ಅವಳು ಒಂದೇ ಒಂದು ಸಲ ಮೇಜಿನ ಕೊನೆಯ ಕಡೆ ನೋಡಿದಳು. “ಸಹಿ ನಂದೇ ಸರ್.”

“ಅದು ಕಾಣ್ತಿದೆ. ಕೂತಿದ್ರಾ ಅಂತ ಕೇಳಿದ್ದು.”

“ಸಹಿ ಹಾಕಿದ್ಮೇಲೆ ಕೂತ ಹಾಗೇ ಅಲ್ವಾ ಸರ್.”

“ಅಧ್ಯಕ್ಷರು ಗಮನಿಸಬೇಕು,” ಎಂದರು ನಿಯಮಣ್ಣ. “ಸದಸ್ಯರು ಸ್ವತಃ ಒಪ್ಕೊಂಡಿದ್ದಾರೆ. ಗೊತ್ತಿದ್ದೂ ಮಾಡಿದ ತಪ್ಪು. ಪುಟ ನಲವತ್ತು.”

ಟೈಲರಮ್ಮ ತಲೆ ತಗ್ಗಿಸಿದಳು. ಬೆರಳ ತುದಿಯಲ್ಲಿ ಇವತ್ತೂ ಸೀಮೆಸುಣ್ಣದ ನೀಲಿ ಇತ್ತು. ಹೇಳಿದ ದಿನಕ್ಕೆ ಬಟ್ಟೆ ಕೊಡುವವಳು, ನನಗೋಸ್ಕರ ಜೀವಮಾನದಲ್ಲಿ ಮೊದಲ ಸಲ ಸುಳ್ಳಿನ ಅಂಚಿಗೆ ಬಂದು ನಿಂತಿದ್ದಾಳೆ ಎಂದು ಹೆಡ್‌ಮಿಸ್ಸಿಗೆ ಹೊಳೆಯಿತು. ಅವಳಿಗೆ ಮಧ್ಯಾಹ್ನದ ಪಾಠ ಹೇಳಿಕೊಡಲಿಲ್ಲ, ಅದರ ಬದಲು ಇದನ್ನು ಕಲಿಸಿದೆನಲ್ಲ ಎನ್ನಿಸಿತು. ಎದ್ದು ನಿಂತದ್ದು ಆಕೆಗೇ ತಿಳಿಯಲಿಲ್ಲ.

“ಸರ್, ಸಂಜೆಯ ಸಹಿಯನ್ನ ಅವರು ಹಾಕಿದ್ದು ಬೆಳಿಗ್ಗೆ ಹನ್ನೊಂದೂಕಾಲಿಗೆ. ಹಾಕಿಸಿದ್ದು ನಾನು. ಮಧ್ಯಾಹ್ನದ ಪಾಠಕ್ಕೆ ಅವರು ಇರಲಿಲ್ಲ, ಮನೆಗೆ ಕಳಿಸಿದ್ದೂ ನಾನೇ. ಉಳಿದದ್ದು ಹೇಳ್ಕೊಡಿ ಅಂತ ಎರಡು ಸಲ ನನ್ನ ಬಾಗಿಲಿಗೆ ಬಂದಿದ್ರು. ಹೇಳ್ಕೊಡಲಿಲ್ಲ. ಆರನೇ ಪ್ರಶ್ನೆಗೆ ನಾನು ಬರೆದಿರೋದು ತಪ್ಪು ಉತ್ತರ.”

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೀಗೆ ಆಗಿದ್ದು ಇವರೊಬ್ಬರ ವಿಷಯದಲ್ಲೇನಾ?”

ಹೌದು ಎಂದರೆ ಒಂದು ದಿನದ ತಪ್ಪು, ಒಂದು ಮಗುವಿನ ಜ್ವರದ ಮೇಲೆ ಹಾಕಿ ಪಾರಾಗಬಹುದಾದ ತಪ್ಪು. ಸೇವಾ ಪುಸ್ತಕದಲ್ಲಿ ಸಣ್ಣದೊಂದು ಗೆರೆ. ಅಲ್ಲ ಎಂದರೆ ಎಂಟು ವರ್ಷ. ಅಧ್ಯಕ್ಷರ ದನಿಯಲ್ಲಿ ಮರುಕವಿತ್ತು, ಹೌದು ಎನ್ನಲಿ ಎಂದು ಅವರೇ ದಾರಿ ಬಿಟ್ಟುಕೊಟ್ಟ ಹಾಗಿತ್ತು.

“ಎಲ್ಲರ ವಿಷಯದಲ್ಲೂ ಸರ್. ಎಂಟು ವರ್ಷದಿಂದ. ಟೀ ಹೊತ್ತಿಗೆ ಎರಡೂ ಸಹಿ ಹಾಕಿಸ್ತಿದ್ದೆ. ಮಧ್ಯಾಹ್ನ ಯಾರು ಕೂತಿದ್ರು, ಯಾರು ಇರಲಿಲ್ಲ ಅನ್ನೋದಕ್ಕೆ ಪುಸ್ತಕದಲ್ಲಿ ಸಾಕ್ಷಿ ಇಲ್ಲ.”

ನಿಯಮಣ್ಣ ಎದ್ದರು. “ಹಾಗಾದ್ರೆ ನಮ್ಮ ಪತ್ರಗಳು?”

“ನಿಮ್ಮದೂ ಅಷ್ಟೆ ಸರ್,” ಎಂದಳು ಹೆಡ್‌ಮಿಸ್. ವ್ಯಂಗ್ಯದ ಸೋಂಕಿಲ್ಲದೆ, ಹಾಜರಿ ಕೂಗುವ ದನಿಯಲ್ಲಿ ಹೇಳಿದಳು. “ನೀವು ಆವತ್ತು ಮೂರು ಗಂಟೆಗೆ ಯಾವುದೋ ಉದ್ಘಾಟನೆಗೆ ಅಂತ ಹೊರಟ್ರಿ. ಪುಟ ನಲವತ್ತು ಶುರುವಾಗಿದ್ದು ಮೂರೂಕಾಲಿಗೆ.”

ನಿಯಮಣ್ಣ ಕೂತರು. ಅವರಿಗೆ ಪುಟದ ಸಂಖ್ಯೆ ಯಾವುದೂ ನೆನಪಾಗಲಿಲ್ಲ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಟೈಲರಮ್ಮನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ನೋಟಿಸು ಬಾಗಿಲಿಗೆ ಹೋಗಲಿಲ್ಲ. ಮೂವತ್ತೊಂದು ಪತ್ರವೂ ರದ್ದಾಯಿತು, ಇಡೀ ಸಭೆ ಮತ್ತೆ ಒಂದು ದಿನ ಕ್ಲಾಸಿನಲ್ಲಿ ಕೂರಬೇಕು, ಚರಂಡಿಯ ವಿಷಯ ಆ ಮೇಲೆ ಮತ್ತೆ ಮತಕ್ಕೆ ಬರಬೇಕು ಎಂದು ಆದೇಶವಾಯಿತು. ಸದಸ್ಯರು ಹೆಡ್‌ಮಿಸ್ಸಿಗೆ ಹಾಕದ ಶಾಪವಿಲ್ಲ. ಆಕೆಯ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಏಳು ಸಾಲು ಬಿತ್ತು. ಮೂಲೆ ಕೋಣೆ ಬಿಡಿಸಿ ಕೆಳಗಿನ ಮಹಡಿಯ ಜನನ ಮರಣ ನೋಂದಣಿ ಕೌಂಟರಿಗೆ ಹಾಕಿದರು. ಏಳು ಸಾಲನ್ನೂ ಆಕೆ ಅಕ್ಕನಿಗೆ ಓದಿ ಹೇಳಿದಳು. ಅಕ್ಕ ಕೇಳಿ ಮುಗಿಸಿ, ಬರವಣಿಗೆ ಚೆನ್ನಾಗಿದೆ ಎಂದಳು. ಆ ರಾತ್ರಿ ಆಕೆಗೆ ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು. ದುಃಖವಿರಲಿಲ್ಲ ಎಂದಲ್ಲ. ಇತ್ತು. ಆದರೆ ಅದು ಮುಚ್ಚಿಡಬೇಕಾದ ದುಃಖವಾಗಿರಲಿಲ್ಲ.

ಮತ್ತೆ ತರಬೇತಿ ನಡೆದ ದಿನ ಹೆಡ್‌ಮಿಸ್ ಕೆಳಗೆ ಕೌಂಟರಿನಲ್ಲಿ ಕೂತು ಹುಟ್ಟಿದವರ ಹೆಸರು, ಸತ್ತವರ ಹೆಸರು ಬರೆದುಕೊಳ್ಳುತ್ತಿದ್ದಳು. ಕಿವಿಯೆಲ್ಲ ಮೇಲೆಯೇ. ಮೂರೂಕಾಲಾಯಿತು, ಯಾರೂ ಮೆಟ್ಟಿಲಿಳಿಯಲಿಲ್ಲ. ನಾಲ್ಕಾಯಿತು. ಐದು ಗಂಟೆಗೆ ದೊಡ್ಡಯ್ಯ ಓಡಿ ಬರುವ ಸದ್ದು ಕೇಳುವುದೇನೋ ಎಂದು ಕಾದಳು. ಅದೂ ಇಲ್ಲ. ಐದೂಕಾಲಿಗೆ ಸದಸ್ಯರು ಒಬ್ಬೊಬ್ಬರಾಗಿ ಇಳಿದು ಹೋದರು. ನಿಯಮಣ್ಣ ಆಕೆಯ ಕಡೆ ನೋಡದೆ ಹೋದರು.

ಕೊನೆಗೆ ಬಂದವಳು ಟೈಲರಮ್ಮ. ಸಾಲಿನಲ್ಲಿದ್ದ ಒಂದಿಬ್ಬರನ್ನು ಬಳಸಿಕೊಂಡು ಬಂದು ಕಿಟಕಿಯ ಪಕ್ಕ ನಿಂತಳು.

“ಸಂಜೆ ಸಹಿ ಸಂಜೆನೇ ಹಾಕಿ ಬಂದೆ ಮೇಡಂ.”

“ದೊಡ್ಡಯ್ಯ ಓಡಲಿಲ್ವಾ?”

“ಯಾಕೆ ಓಡ್ಬೇಕು? ಬಾಗಿಲಿಗೆ ಅಡ್ಡ ಒಂದು ಮೇಜು ಹಾಕಿ, ಪುಸ್ತಕ ಇಟ್ಕೊಂಡು ಕುರ್ಚಿ ಮೇಲೆ ಕೂತಿದ್ದಾರೆ. ಸಹಿ ಹಾಕದೆ ಯಾರೂ ಆಚೆ ಬರೋ ಹಾಗಿಲ್ಲ. ನಾನೇ ಹೇಳಿದ್ದು. ನನ್ನ ಅಂಗಡೀಲಿ ಚೀಟಿ ತೋರಿಸದೆ ಬಟ್ಟೆ ಬಾಗಿಲು ದಾಟಲ್ಲ, ಹಾಗೇ ಮಾಡಿ ಅಂದೆ.”

ಒಂದು ಮೇಜು. ಎಂಟು ವರ್ಷ ಇದೇ ಕಟ್ಟಡದಲ್ಲಿ ಬೇಡವೆಂದರೂ ನಲವತ್ತು ಮೇಜುಗಳಿದ್ದವು. ಹೆಡ್‌ಮಿಸ್ಸಿಗೆ ನಗು ಬಂತು, ನಗುತ್ತಲೇ ಕಣ್ಣು ಒದ್ದೆಯಾಯಿತು. ಆದರೂ ಹಳೆಯ ಚಾಳಿ ಬಿಡಲಿಲ್ಲ.

“ಮಧ್ಯಾಹ್ನ ಏನು ಕಲಿತ್ರಿ, ಹೇಳಿ ನೋಡೋಣ.”

ಟೈಲರಮ್ಮ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತಳು. “ನಮ್ಮೋರ ವಿಷಯ ಬಂದ್ರೆ ಎದ್ದು ಹೇಳ್ಬೇಕು. ಹೇಳಿ ಹೊರಗೆ ಹೋಗ್ಬೇಕು. ಹೇಳೋದು ನನಗೆ ಮೊದ್ಲೇ ಬರ್ತಿತ್ತು ನೋಡಿ. ಹೊರಗೆ ಹೋಗೋದೊಂದು ಗೊತ್ತಿರಲಿಲ್ಲ.”

“ನನಗೆ ಹೇಳೋದೇ ಬರ್ತಿರಲಿಲ್ಲ,” ಎಂದಳು ಹೆಡ್‌ಮಿಸ್. “ನಿಮ್ಮಿಂದ ಕಲಿತೆ.”

ಸಾಲಿನ ಮುಂದಿದ್ದ ಗಂಡಸು ಮಗುವಿನ ಹೆಸರು ಬರೆದ ಅರ್ಜಿಯನ್ನು ಕಿಟಕಿಯೊಳಗೆ ಚಾಚಿದ. ಆಕೆ ಕಣ್ಣೊರೆಸಿಕೊಂಡು ಅದನ್ನು ತೆಗೆದುಕೊಂಡಳು, ಮೊದಲಿನಿಂದ ಕೊನೆಯ ತನಕ ಒಂದು ಅಕ್ಷರ ಬಿಡದೆ ಓದಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿ, ಆಗ ಎಷ್ಟಾಗಿತ್ತೋ ಅದೇ ವೇಳೆಯನ್ನು ಬರೆದು ಸಹಿ ಹಾಕಿದಳು.